ತಟ್ಟೆ ತನ್ನಿ

ಲೆಸ್ಟರ್ ಹಾಬ್ಸ್‌ನ ಗ್ರಹಚಾರ ಕೆಟ್ಟದ್ದು ಎರಡೇ ಎರಡು ಪದಗಳಿಂದ. ಅವನ್ನು ಬರೆದವನೂ ಅವನೇ. ಡಂಬಲ್ ಕ್ರೀಕ್ ಊರಿನ ಸಭಾಭವನದ ಬಾಗಿಲಿಗೆ ಅಂಟಿಸಿದ ಕಾಗದದ ಮೇಲೆ, ಹೊಸ ಬಗೆಯ ಊಟದ ಆಹ್ವಾನದ ಕೆಳಗೆ, ದಪ್ಪ ಹಸಿರು ಅಕ್ಷರಗಳಲ್ಲಿ: 'ತಟ್ಟೆ ತನ್ನಿ.'

ಅವನ ಮನಸ್ಸಿನಲ್ಲಿ ಇದ್ದದ್ದು ಬಹಳ ಸಾಧು ಆಲೋಚನೆ. ಊಟಕ್ಕೆ ಬರುವವರು ತಮ್ಮ ತಮ್ಮ ತಟ್ಟೆ ಮನೆಯಿಂದಲೇ ತಂದರೆ, ತಿಂದು ಎಸೆಯುವ ಕಾಗದದ ತಟ್ಟೆಗಳ ರಾಶಿ ತಪ್ಪುತ್ತದೆ, ಭೂಮಿಗೆ ಅಷ್ಟರ ಮಟ್ಟಿಗೆ ಭಾರ ಕಡಿಮೆ. ಆದರೆ ಆಸ್ಟ್ರೇಲಿಯಾದ ಹಳ್ಳಿಗಾಡಿನಲ್ಲೇ ಹುಟ್ಟಿ, ಅಲ್ಲೇ ಕೂದಲು ಬೆಳ್ಳಗಾದವನು ಹೀಗೆ ಬರೆಯುವ ಮುಂಚೆ ಒಂದು ಕ್ಷಣ ಯೋಚಿಸಬೇಕಿತ್ತು. ಅಲ್ಲಿ 'ತಟ್ಟೆ ತನ್ನಿ' ಎಂದರೆ, ತಟ್ಟೆ ತುಂಬ ಏನಾದರೂ ಮಾಡಿಕೊಂಡು ತನ್ನಿ ಎಂದು ಅರ್ಥ. ಖಾಲಿ ತಟ್ಟೆ ಹಿಡಿದು ಬಂದವನನ್ನು ಅವನ ಮೊಮ್ಮಕ್ಕಳ ಕಾಲದವರೆಗೂ ಆಡಿಕೊಂಡು ನಗುತ್ತಾರೆ. ಇದು ಲೆಸ್ಟರ್‌ಗೂ ಚೆನ್ನಾಗಿ ಗೊತ್ತಿತ್ತು. ಆದರೆ ಹೋದ ತಿಂಗಳಿಂದ ಅವನ ತಲೆಯಲ್ಲಿ ಭೂಮಿಯನ್ನು ಕಾಯಿಸುವ ಇಂಗಾಲದ ಹೊರತು ಬೇರೇನೂ ಇರಲಿಲ್ಲ.

ಹಾಗೆಂದು ಅವನನ್ನು ಪರಿಸರಪ್ರೇಮಿ ಎಂದು ಯಾರೂ ತಪ್ಪು ತಿಳಿಯಬೇಡಿ. ಅವನಿಗೆ ಬೇಕಿದ್ದದ್ದು ಬಿಡುಗಡೆ. ಎಷ್ಟೋ ವರ್ಷಗಳ ಹಿಂದೆ ಸಭಾಭವನದ ವಾರ್ಷಿಕ ಸಭೆ ನಡೆಯುತ್ತಿದ್ದಾಗ ಲೆಸ್ಟರ್ ಎದ್ದು ಬಚ್ಚಲಿಗೆ ಹೋಗಿದ್ದ. ವಾಪಸು ಬರುವಷ್ಟರಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಅವನನ್ನು ಕಾರ್ಯದರ್ಶಿ ಮಾಡಿಬಿಟ್ಟಿದ್ದರು. ಇನ್ನೊಬ್ಬರು ವಹಿಸಿಕೊಳ್ಳುವ ತನಕ ಹಳಬ ಬಿಡುವಂತಿಲ್ಲ ಎಂಬುದು ಭವನದ ನಿಯಮ. ಅಂದಿನಿಂದ ಇಂದಿನವರೆಗೆ ಇನ್ನೊಬ್ಬರು ಸಭೆಯ ಮಧ್ಯೆ ಬಚ್ಚಲಿಗೆ ಎದ್ದು ಹೋದದ್ದೇ ಇಲ್ಲ.

ಈ ನಡುವೆ ಅವನ ಹೆಂಡತಿ ಗ್ಲೆನಿಸ್ ಒಂದು ಕ್ಯಾರವಾನ್ ಕೊಂಡಿದ್ದಳು. ಕಾರಿನ ಹಿಂದೆ ಕಟ್ಟಿಕೊಂಡು ದೇಶ ಸುತ್ತುವ ಪುಟ್ಟ ಮನೆ. ಅದು ಅಂಗಳದಲ್ಲಿ ನಿಂತೇ ಇತ್ತು. ಚಕ್ರದ ಸುತ್ತ ಹುಲ್ಲು ಬೆಳೆದು ಒಣಗಿ ಮತ್ತೆ ಬೆಳೆದಿತ್ತು. ಗ್ಲೆನಿಸ್ ಪ್ರತಿ ಭಾನುವಾರ ಅದರೊಳಗೆ ಒಬ್ಬಳೇ ಕೂತು ಚಹಾ ಕುಡಿದು, ಸಮುದ್ರದ ಕಡೆ ಎಂದು ತಾನು ನಂಬಿದ ದಿಕ್ಕಿಗೆ ನೋಡಿ ಬರುತ್ತಿದ್ದಳು.

ಕೊನೆಗೂ ಲೆಸ್ಟರ್ ಒಬ್ಬರನ್ನು ಒಪ್ಪಿಸಿದ. ಐವಿ ಡನ್‌ಸ್ಟನ್ ಎಂಬ ಮುದುಕಿ. ಗಂಡ ಅರ್ನಿ ತೀರಿಕೊಂಡ ಮೇಲೆ ಒಂಟಿಯಾಗಿ, ಡ್ಯೂಕ್ ಎಂಬ ನಾಯಿಯೊಡನೆ ಇದ್ದವಳು. ಡ್ಯೂಕ್ ಊರಿನಲ್ಲೇ ಅತಿ ದಪ್ಪ ನಾಯಿ. ನಡೆದು ಬರುವಾಗ ಸೋಫಾ ಒಂದು ತಾನೇ ಎದ್ದು ಬಂದ ಹಾಗೆ ಕಾಣುತ್ತಿತ್ತು. ಐವಿ ಹೆಸರು ಮಾಡಿದ್ದು ಸಾಸೇಜ್ ರೋಲಿಗೆ. ಗರಿಗರಿ ಹಿಟ್ಟಿನ ಹಾಳೆಯೊಳಗೆ ಮಾಂಸದ ಹೂರಣ ಸುತ್ತಿ ಬೇಯಿಸಿದ ಆ ರೋಲಿಲ್ಲದೆ ಊರಿನಲ್ಲಿ ಮದುವೆಯೂ ಆಗುತ್ತಿರಲಿಲ್ಲ, ಮಣ್ಣೂ ಆಗುತ್ತಿರಲಿಲ್ಲ. ಕೃಷಿ ಪ್ರದರ್ಶನದಲ್ಲಿ ಅತ್ಯುತ್ತಮ ಮಾಂಸದ ತಿನಿಸಿಗೆಂದು ಕಟುಕ ಬ್ಲೂಯಿ ಇಟ್ಟ ಬೆಳ್ಳಿ ಬಟ್ಟಲು ಪ್ರತಿ ವರ್ಷ ಅವಳಿಗೇ.

"ಕಾರ್ಯದರ್ಶಿ ಆಗ್ತೀನಪ್ಪ, ಬೇಡ ಅನ್ನಲ್ಲ," ಎಂದಿದ್ದಳು ಐವಿ. "ಆದ್ರೆ ಆ ತಗಡಿನ ಸೂರಿನ ಕೆಳಗೆ ಕೂತು ಬೆಂದುಹೋಗೋಕೆ ನನ್ನ ಕೈಲಿ ಆಗಲ್ಲ. ಮೊದಲು ತಂಪಿನ ಯಂತ್ರ ಹಾಕಿಸಿ, ಆಮೇಲೆ ಕರೀರಿ."

ತಂಪಿನ ಯಂತ್ರ ಬರಬೇಕಾದರೆ ಒಂದೇ ದಾರಿ. ಜಿಲ್ಲಾ ಕೌನ್ಸಿಲ್ಲು ಒಂದು ಸ್ಪರ್ಧೆ ಇಟ್ಟಿತ್ತು: ಯಾವ ಊರಿನ ಭವನ ಭೂಮಿಗೆ ಅತಿ ಕಡಿಮೆ ಹೊರೆಯಾಗುವ ಊಟ ಹಾಕುತ್ತದೋ ಅದಕ್ಕೆ ಸೌರ ಫಲಕ, ತಂಪಿನ ಯಂತ್ರ ಎರಡೂ ಬಹುಮಾನ. ಅಧ್ಯಕ್ಷೆ ಡೊರೀನ್ ಲೆಸ್ಟರ್‌ನ ಹೆಗಲ ಮೇಲೆ ಕೈಯಿಟ್ಟು, "ಇದೊಂದು ಊಟ ಗೆದ್ದುಬಿಡು. ಊಟ ಆದ ತಕ್ಷಣ ಸಭೆ. ಐವಿಗೆ ಕೀಲಿಕೈ ಕೊಟ್ಟು ನೀನು ಹೊರಟುಬಿಡು," ಎಂದಳು.

ಸೊಪ್ಪು, ಕಾಳು, ತರಕಾರಿಯ ಊಟ ಅಂತ ತೀರ್ಮಾನವಾಯಿತು. ಅಲ್ಲಿಂದ ಶುರುವಾಯಿತು ಪೀಡೆ. ಅದುವರೆಗೆ ಭೂಮಿ ಎಂದರೆ ಟ್ರ್ಯಾಕ್ಟರ್ ಓಡಿಸುವ ಜಾಗ ಎಂದಷ್ಟೇ ತಿಳಿದಿದ್ದ ಸಮಿತಿಯವರೆಲ್ಲ ರಾತ್ರೋರಾತ್ರಿ ಪರಿಸರ ಪಂಡಿತರಾದರು. ಬಾದಾಮಿ ಹಾಲು ಎಂದರೆ, "ಅಯ್ಯೋ, ನದಿ ನೀರೆಲ್ಲ ಆ ಬಾದಾಮಿ ತೋಟಗಳೇ ಕುಡಿದು ಹಾಕ್ತಿವೆ" ಎಂದರು. ಅನ್ನ ಎಂದರೆ ಅದಕ್ಕೂ ನೀರು. ಸೋಯಾ ಎಂದರೆ ಎಲ್ಲೋ ಕಾಡು ಕಡಿದದ್ದು. ಬೆಣ್ಣೆಹಣ್ಣು ಎಂದರೆ ಲಾರಿಯಲ್ಲಿ ಅರ್ಧ ದೇಶ ದಾಟಿ ಬಂದದ್ದು.

"ಹಾಗಾದ್ರೆ ನಾನು ಬಡಿಸೋದೇನು, ಗಾಳಿನಾ?" ಎಂದು ಲೆಸ್ಟರ್ ರೇಗಿದ.

"ಮಸೂರ ಮಾಡಪ್ಪ, ನಮ್ಮೂರಲ್ಲೇ ಬೆಳೆಯತ್ತಲ್ಲ," ಎಂದಳು ಡೊರೀನ್.

ಎಲ್ಲರೂ ನಕ್ಕರು. ಡಂಬಲ್ ಕ್ರೀಕ್‌ನ ಸುತ್ತ ಕಣ್ಣು ಹಾಯುವಷ್ಟು ದೂರ ಮಸೂರವೇ. ಆದರೆ ಊರಿನವರು ಯಾರೂ ಅದನ್ನು ತಿನ್ನುತ್ತಿರಲಿಲ್ಲ. ಬೆಳೆದದ್ದೆಲ್ಲ ಹಡಗು ಹತ್ತಿ ಇಂಡಿಯಾಕ್ಕೆ ಹೋಗುತ್ತಿತ್ತು. ಉದುರಿದ್ದು ಕುರಿಗೆ. ಮನುಷ್ಯರ ಊಟ ಎಂದರೆ ಅಲ್ಲಿ ಮಾಂಸ. ಬೇಯಿಸಲು ಯಾರಿಗೂ ಬಾರದ ಕಾರಣ ಲೆಸ್ಟರ್ ನಗರದ ಒಬ್ಬ ಅಡುಗೆಯವನಿಗೆ ಮಸೂರದ ಊಟಕ್ಕೆ ಹೇಳಿ ಕಳಿಸಿದ.

ಊಟದ ದಿನ ಬೆಳಿಗ್ಗೆಯೇ ಬಿಸಿಗಾಳಿ ಎದ್ದಿತು. ನೊಣಗಳೂ ನೆರಳು ಹುಡುಕಿ ಒಳಗೆ ಬಂದವು. ನಗರದ ಗಾಡಿ ಬಂದು ದೊಡ್ಡ ದೊಡ್ಡ ಪಾತ್ರೆ ಇಳಿಸಿ ಹೋಯಿತು. ಲೆಸ್ಟರ್ ಮುಚ್ಚಳ ತೆಗೆದು ನೋಡಿದ. ಸಿಮೆಂಟು ಕಲಸಿಟ್ಟ ಹಾಗೆ ಬೂದು ಬಣ್ಣದ್ದೇನೋ ಇತ್ತು. ಪಕ್ಕದಲ್ಲಿ ಖಾಲಿ ಡಬ್ಬಿಗಳು. ಒಂದನ್ನೆತ್ತಿ ಓದಿದ. ಮಸೂರ ಇಟಲಿಯದು.

"ಮಸೂರದ ಹೊಲದ ಮಧ್ಯೆ ಕೂತ್ಕೊಂಡು ಇಟಲಿ ಮಸೂರ!" ಎಂದು ಲೆಸ್ಟರ್ ಗೋಡೆಗೆ ಹೇಳಿದ. ಡಬ್ಬಿಗಳನ್ನೆಲ್ಲ ಮೂಲೆಯಲ್ಲಿದ್ದ ಪಿಯಾನೋದೊಳಗೆ ತುಂಬಿ ಮುಚ್ಚಳ ಹಾಕಿದ.

ಅಷ್ಟರಲ್ಲಿ ಡೊರೀನ್ ಬಂದಳು. ಎರಡು ಕೈಯಲ್ಲೂ ಹಿಡಿದ ಅಗಲವಾದ ತಟ್ಟೆ, ಅದರ ಮೇಲೆ ಹುರಿದ ಕುರಿಯ ಇಡೀ ತೊಡೆ, ಸುತ್ತ ಆಲೂಗಡ್ಡೆ.

ಲೆಸ್ಟರ್ ಅವಳಿಗೆ ಅಡ್ಡ ಬಂದು ನಿಂತ. "ಏನಿದು ಡೊರೀನ್?"

"ತಟ್ಟೆ."

"ತಟ್ಟೆ ಮೇಲಿರೋದು?"

"ಕುರಿ. ಯಾಕೆ, ನೀನೇ ಬರೆದಿದ್ದೀಯಲ್ಲ ಬಾಗಿಲ ಮೇಲೆ, ತಟ್ಟೆ ತನ್ನಿ ಅಂತ. ನಾನೂ ಅಂದ್ಕೊಂಡೆ, ಪಾಪ ಲೆಸ್ಟರ್‌ಗೆ ಕೊನೆಗೂ ಬುದ್ಧಿ ಬಂತು, ಆ ಮಸೂರದ ಊಟ ಜನಕ್ಕೆ ಸೇರಲ್ಲ ಅಂತ ಗೊತ್ತಾಯ್ತು ಅಂತ."

"ಖಾಲಿ ತಟ್ಟೆ, ಡೊರೀನ್! ಖಾಲಿ ತಟ್ಟೆ!"

"ಖಾಲಿ ತಟ್ಟೆನಾ?" ಡೊರೀನ್ ಅವನ ಮುಖವನ್ನೇ ನೋಡಿದಳು. "ನಿಂಗೆ ಬಿಸಿಲು ತಲೆಗೇರಿದೆ. ಹೋಗಿ ನೀರು ಕುಡಿ."

ಲೆಸ್ಟರ್ ಕಿಟಕಿಯಲ್ಲಿ ಇಣುಕಿದ. ಧೂಳೆಬ್ಬಿಸಿಕೊಂಡು ಊರಿಗೆ ಊರೇ ಬರುತ್ತಿತ್ತು. ಪ್ರತಿಯೊಬ್ಬರ ಕೈಯಲ್ಲೂ ತಟ್ಟೆ. ಪ್ರತಿ ತಟ್ಟೆಯ ಮೇಲೂ ಬಟ್ಟೆ ಮುಚ್ಚಿದ ಗುಡ್ಡ. ಮೊಟ್ಟೆಯ ಸ್ಯಾಂಡ್‌ವಿಚ್ಚು, ಕೆನೆ ತುಂಬಿದ ಕೇಕು. ಅಡಿಯಲ್ಲಿ ತಟ್ಟೆಯವರ ಹೆಸರಿನ ಪಟ್ಟಿ, ಮನೆಗೆ ಸರಿಯಾಗಿ ಹಿಂದಿರುಗಲೆಂದು. ಎಲ್ಲರಿಗಿಂತ ಹಿಂದೆ ಬ್ಲೂಯಿ, ಗಾಡಿಯ ಮೇಲೆ ಮಾಂಸ ಸುಡುವ ಇಡೀ ಒಲೆಯನ್ನೇ ಹೇರಿಕೊಂಡು, ಜೊತೆಗೆ ಹಸಿ ಸಾಸೇಜಿನ ಪೆಟ್ಟಿಗೆ. ಬ್ಲೂಯಿ ಎಂದರೆ ನೀಲಿ; ಕೂದಲು ಕೆಂಪಗಿದ್ದವರಿಗೆ ಆ ಕಡೆ ಇಡುವ ಹೆಸರೇ ಅದು.

ಲೆಸ್ಟರ್ ಓಡಿದ. "ಬ್ಲೂಯಿ, ದಮ್ಮಯ್ಯ, ಅದನ್ನ ವಾಪಸ್ ತಗೊಂಡ್ಹೋಗು! ಪರೀಕ್ಷೆ ಮಾಡೋರು ಬರೋ ಹೊತ್ತು!"

"ಯಾಕಯ್ಯಾ? ಪರೀಕ್ಷೆ ಮಾಡೋರಿಗೆ ಹೊಟ್ಟೆ ಇಲ್ವಾ?" ಎನ್ನುತ್ತ ಬ್ಲೂಯಿ ಬೆಂಕಿಕಡ್ಡಿ ತೆಗೆದ. ತೆಗೆದವನು ಹಾಗೇ ನಿಂತ. ಬಿಸಿಗಾಳಿಯ ಅಂಥ ದಿನ ಬಯಲಿನಲ್ಲಿ ಬೆಂಕಿ ಹಚ್ಚುವುದು ನಿಷೇಧ. ಹಚ್ಚಿದವರನ್ನು ಹಿಡಿಯಬೇಕಾದವನು ಊರಿನ ಅಗ್ನಿಶಾಮಕ ತಂಡದ ನಾಯಕ. ಆ ನಾಯಕನೂ ಬ್ಲೂಯಿಯೇ. ಅವನು ಸ್ವಲ್ಪ ಹೊತ್ತು ತನ್ನೊಳಗೇ ವಾದ ಮಾಡಿ, ಸೋತು, ಬೆಂಕಿಪೊಟ್ಟಣ ಜೇಬಿಗೆ ಹಾಕಿದ.

ಒಂದು ಕಂಟಕ ಕಳೆಯಿತು. ಲೆಸ್ಟರ್ ಒಳಗೆ ಓಡಿ, ಡೊರೀನ್ ಕಾಣದಂತೆ ಕುರಿತೊಡೆಯನ್ನು ಎತ್ತಿ ವೇದಿಕೆಯ ಕೆಳಗೆ ತಳ್ಳಿದ. ಕೆನೆಯ ಕೇಕುಗಳು ತಗಡಿನ ಸೂರಿನ ಕಾವಿಗೆ ತಾವಾಗೇ ಕುಸಿದು ಮೇಜಿನಿಂದ ತೊಟ್ಟಿಕ್ಕುತ್ತಿದ್ದವು. ಮೊಟ್ಟೆಯ ಸ್ಯಾಂಡ್‌ವಿಚ್ಚುಗಳನ್ನು ಡೊರೀನಳೇ ಬಟ್ಟೆ ಮುಚ್ಚಿ ಬದಿಗಿಟ್ಟಳು. ಹೋದ ಬೇಸಗೆಯಲ್ಲಿ ಇಂಥದೇ ದಿನ ಮೊಟ್ಟೆ ತಿಂದು ಇಡೀ ಸಮಿತಿ ಹಾಸಿಗೆ ಹಿಡಿದದ್ದು ಅವಳು ಮರೆತಿರಲಿಲ್ಲ.

ಉಳಿದದ್ದು ಎರಡೇ. ಯಾರೂ ಮುಟ್ಟದ ಬೂದು ಗುಡ್ಡ, ಮತ್ತು ಐವಿ ಹೊತ್ತು ತಂದ ರೋಲುಗಳ ಬೆಟ್ಟ. ಜನ ಅದಕ್ಕೆ ಮುತ್ತಿದ್ದರು.

ಆಗಲೇ ಕೌನ್ಸಿಲ್ಲಿನ ಪರೀಕ್ಷಕಿ ಮಿಸ್ ಟ್ರಾನ್ ಬಂದದ್ದು. ತೆಳ್ಳಗಿನ, ನಗುಮುಖದ ಹೆಂಗಸು. ಬಂದವಳೇ, "ನಾನು ಮೇಜಿನ ಮೇಲೆ ಏನಿಟ್ಟಿದ್ದೀರಿ ಅಂತ ನೋಡಲ್ಲ. ಜನ ಏನು ತಿಂದ್ರು, ಏನು ಎಸೆದ್ರು, ಅಷ್ಟೇ ನೋಡ್ತೀನಿ," ಎಂದಳು. "ಪಟ್ಟಿಯಲ್ಲಿ ಸೊಪ್ಪು ಬರೆದು ಹೊಟ್ಟೆಗೆ ದನ ಹಾಕೋ ಊರುಗಳು ಬೇಕಾದಷ್ಟಿವೆ. ಬೇಯಿಸಿ ತಿಪ್ಪೆಗೆ ಸುರಿಯೋರೂ ಇದ್ದಾರೆ. ಎಂಥ ಕಾಳಾದ್ರೂ ಸುರಿದ್ಮೇಲೆ ಬೆಳೆಸಿದ ನೀರು, ಬೇಯಿಸಿದ ಉರಿ ಎಲ್ಲಾ ದಂಡ ತಾನೆ?"

"ಹೌದು ಹೌದು," ಎಂದ ಲೆಸ್ಟರ್, ಬೆವರು ಒರೆಸಿಕೊಳ್ಳುತ್ತ.

"ತಟ್ಟೆ ಎಲ್ಲರೂ ಮನೆಯಿಂದ ತಂದಿದ್ದಾರೆ. ಬಹಳ ಚೆನ್ನಾಗಿದೆ," ಎಂದು ಅವಳು ಒಂದು ತಟ್ಟೆ ಎತ್ತಿ ಅಡಿಯ ಹೆಸರು ಓದಿದಳು. ಆಮೇಲೆ, "ಇದೂ ಕಾಳಿನದೇ ಇರ್ಬೇಕು, ಎಲ್ಲರೂ ಇದನ್ನೇ ತಿಂತಿದ್ದಾರೆ?" ಎಂದು ಐವಿಯ ರೋಲಿನತ್ತ ಕೈ ಚಾಚಿದಳು. ಮಿಸ್ ಟ್ರಾನ್ ಹುಟ್ಟಿನಿಂದ ಮಾಂಸ ಮುಟ್ಟಿದವಳಲ್ಲ ಎಂದು ಕೌನ್ಸಿಲ್ಲಿನವರು ಮೊದಲೇ ಎಚ್ಚರಿಸಿದ್ದರು. ರೋಲು ಅವಳ ಬಾಯಿಯ ಹತ್ತಿರ ಬಂದದ್ದೇ ಲೆಸ್ಟರ್ ಕೈ ಬೀಸಿ ಹೊಡೆದ. ರೋಲು ಹಾರಿಹೋಗಿ, ಐವಿಯ ಜೊತೆ ಬಂದು ನೆಲದ ಮೇಲೆ ಮಲಗಿದ್ದ ಡ್ಯೂಕ್‌ನ ಮೂಗಿನ ಮುಂದೆ ಬಿತ್ತು.

"ಕ್ಷಮಿಸಿ! ನೊಣ! ದೊಡ್ಡ ನೊಣ!" ಎಂದ ಲೆಸ್ಟರ್.

ಡ್ಯೂಕ್ ರೋಲನ್ನು ಮೂಸಿತು. ಚಪ್ಪಲಿಯನ್ನೂ ಬಿಡದ ಆ ನಾಯಿ ಮುಖ ತಿರುಗಿಸಿಕೊಂಡು, ಭಾರವಾಗಿ ಎದ್ದು, ವೇದಿಕೆಯ ಕೆಳಗೆ ನುಸುಳಿತು. ಲೆಸ್ಟರ್‌ಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ಸಾಸೇಜ್ ರೋಲು ಬೇಡ ಎನ್ನುವ ನಾಯಿ!

ಯಾರೋ ಅವನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದರು. ಐವಿ. ಬಾಗಿಲು ಹಾಕಿ, ಚಹಾದ ನೀರು ಕುದಿಯುವ ಸದ್ದಿನ ಮರೆಯಲ್ಲಿ, "ಆ ಹುಡುಗಿ ತಿಂದ್ರೆ ತಿನ್ನಲಿ ಬಿಡು," ಎಂದಳು.

"ಮಾಂಸ, ಐವಿ! ಅವಳು ಮಾಂಸ ಮುಟ್ಟಲ್ಲ!"

"ಅದರಲ್ಲಿ ಮಾಂಸ ಇಲ್ಲ."

ಲೆಸ್ಟರ್ ಬಾಗಿಲ ಸಂದಿಯಿಂದ ರೋಲುಗಳ ಕಡೆ ಇಣುಕಿದ.

"ಮಸೂರ. ನಮ್ಮ ಹೊಲದ್ದೇ. ಈರುಳ್ಳಿ, ಓಟ್ಸು, ಕಾಳುಮೆಣಸು. ಹಿಟ್ಟಿಗೆ ಬೆಣ್ಣೆನೂ ಹಾಕಲ್ಲ, ಪಕ್ಕದ ಗಾಣದ ಎಣ್ಣೆ." ಐವಿಯ ಕಣ್ಣು ಒದ್ದೆಯಾಯಿತು. "ಅರ್ನಿಗೆ ಎದೆನೋವು ಬಂದಾಗ ಡಾಕ್ಟರು ಮಾಂಸ ಬಿಡಿಸಿ ಅಂದ್ರು. ಅವನು ಬಿಡ್ತಾನಾ? ಸಾಯ್ತೀನಿ, ಸೊಪ್ಪು ತಿನ್ನಲ್ಲ ಅಂದ. ಅವತ್ತಿಂದ ಹೀಗೆ. ತೊಂಬತ್ತು ದಾಟಿ ಬದುಕಿದ. ನೋಡೇ, ಮಾಂಸ ತಿಂದಿದ್ದಕ್ಕೇ ಇಷ್ಟು ಗಟ್ಟಿ ಇದ್ದೀನಿ ಅಂತ ಆ ಡಾಕ್ಟರನ್ನ ಸಾಯೋವರೆಗೂ ಬೈತಿದ್ದ. ಯಾರಿಗೂ ಹೇಳ್ಬೇಡ ಲೆಸ್ಟರ್. ನನ್ನ ಮರ್ಯಾದೆ ಹೋಗತ್ತೆ, ಅರ್ನಿದೂ ಹೋಗತ್ತೆ."

"ನನ್ನ ಪ್ರಾಣ ಹೋದ್ರೂ ಹೇಳಲ್ಲ," ಎಂದ ಲೆಸ್ಟರ್. ಆ ಹೊತ್ತಿಗೆ ಅವನ ಮನಸ್ಸೂ ಕರಗಿತ್ತು, ಅದು ಸುಳ್ಳಲ್ಲ.

ಹೊರಗೆ ಬಂದಾಗ ಬೆಟ್ಟ ಕರಗಿ ಚೂರುಪಾರು ಉಳಿದಿತ್ತು. ಜನ ಬೆರಳು ನೆಕ್ಕುತ್ತಿದ್ದರು. ಬ್ಲೂಯಿ ಕೊನೆಯ ರೋಲು ಕೈಯಲ್ಲಿ ಹಿಡಿದು, "ನನ್ನ ಅಂಗಡಿ ಕೈಮಾ ಅಂದ್ರೆ ಸುಮ್ನೇನಾ!" ಎಂದು ಸುತ್ತಲಿನವರಿಗೆ ಹೇಳುತ್ತಿದ್ದ.

ಮಿಸ್ ಟ್ರಾನ್ ಎದ್ದು ನಿಂತಳು. ಅವಳ ಮುಖದಲ್ಲಿ ನಗು ಇರಲಿಲ್ಲ. "ಬೇಜಾರಾಗತ್ತೆ ಹೇಳೋಕೆ. ಕಾಳಿನ ಊಟ ಯಾರೂ ಮುಟ್ಟಲಿಲ್ಲ. ಪಾತ್ರೆ ತುಂಬಿದ ಹಾಗೇ ಇದೆ. ಊರೆಲ್ಲ ಹೊಟ್ಟೆ ತುಂಬ ತಿಂದಿದ್ದು ಮಾಂಸದ ರೋಲು. ತಟ್ಟೆ ವಿಷಯ ಚೆನ್ನಾಗಿತ್ತು, ಆದ್ರೆ ತಟ್ಟೆಯಿಂದ ಏನೂ ಆಗಲ್ಲ. ತಟ್ಟೆ ಮೇಲೆ ಏನಿದೆ ಅನ್ನೋದೇ ಮುಖ್ಯ. ಈ ಭವನಕ್ಕೆ ಬಹುಮಾನ..."

ಲೆಸ್ಟರ್ ಕಿಟಕಿಯಾಚೆ ನೋಡಿದ. ಗೇಟಿನ ಬಳಿ ಕಾರು ನಿಂತಿತ್ತು. ಹಿಂದೆ ಕ್ಯಾರವಾನ್. ಸ್ಟಿಯರಿಂಗಿನ ಹಿಂದೆ ಗ್ಲೆನಿಸ್, ಕಪ್ಪು ಕನ್ನಡಕ ಹಾಕಿಕೊಂಡು. ಬೆಳಿಗ್ಗೆ ಅವಳು ಹೇಳಿದ್ದು ನೆನಪಾಯಿತು: "ಮೂರು ಗಂಟೆಗೆ ಹೊರಡ್ತೀನಿ. ನೀನು ಇದ್ರೂ ಸರಿ, ಇಲ್ದಿದ್ರೂ ಸರಿ." ಬಹುಮಾನ ಹೋದರೆ ಯಂತ್ರ ಇಲ್ಲ. ಯಂತ್ರ ಇಲ್ಲದಿದ್ದರೆ ಐವಿ ಇಲ್ಲ. ಐವಿ ಇಲ್ಲದಿದ್ದರೆ ಸಾಯುವವರೆಗೂ ಕಾರ್ಯದರ್ಶಿ. ಐವಿ ಅಡುಗೆಮನೆ ಬಾಗಿಲಲ್ಲಿ ನಿಂತು ಅವನನ್ನೇ ನೋಡುತ್ತಿದ್ದಳು.

"ಮಾಂಸ ಅಲ್ಲ!" ಎಂದು ಲೆಸ್ಟರ್ ಕಿರುಚಿಬಿಟ್ಟ. "ಮಸೂರ! ನಮ್ಮೂರ ಮಸೂರ! ಎಷ್ಟೋ ವರ್ಷದಿಂದ ನೀವೆಲ್ಲ ತಿಂತಿರೋದು ಮಸೂರ!"

ಬ್ಲೂಯಿ ಕೈಯಲ್ಲಿದ್ದ ರೋಲನ್ನು ಮೆಲ್ಲಗೆ ಬಿಡಿಸಿ ಒಳಗೆ ನೋಡಿದ. ಅವನ ಮುಖ ಕೂದಲಿಗಿಂತ ಕೆಂಪಾಯಿತು.

"ಐವಿ... ಮತ್ತೆ ವಾರಾ ವಾರಾ ನನ್ನ ಹತ್ರ ಕೈಮಾ ತಗೊಂಡ್ಹೋಗ್ತಿದ್ರಲ್ಲ? ಅದೇನಾಯ್ತು?"

ಆಗ ವೇದಿಕೆಯ ಕೆಳಗಿಂದ ಡ್ಯೂಕ್ ಕಷ್ಟಪಟ್ಟು ಹೊರಬಂತು, ಬಾಯಲ್ಲಿ ಕುರಿತೊಡೆಯ ಬರೀ ಮೂಳೆ. ಎಲ್ಲರೂ ನಾಯಿಯ ಹೊಟ್ಟೆಯನ್ನು ನೋಡಿದರು. ಉತ್ತರ ಸಿಕ್ಕಿತು.

"ನನ್ನ ತೊಡೆ!" ಎಂದು ಕೂಗಿದಳು ಡೊರೀನ್.

"ನನ್ನ ಬೆಳ್ಳಿ ಬಟ್ಟಲು!" ಎಂದ ಬ್ಲೂಯಿ. "ಮಾಂಸದ ತಿನಿಸಿಗೆ ಅಂತ ಇಟ್ಟಿದ್ದು! ಬೇಳೆಗೆ ಕೊಟ್ಟೆನಲ್ಲಪ್ಪ, ಬೇಳೆಗೆ!"

ಒಬ್ಬಳ ಮುಖ ಮಾತ್ರ ಬೆಳಗಿತ್ತು. ಮಿಸ್ ಟ್ರಾನ್ ಒಂದು ಚೂರು ರೋಲು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. "ಇಡೀ ಊರು ಖುಷಿಯಾಗಿ ತಿಂದಿದೆ, ಊರಲ್ಲೇ ಬೆಳೆದಿದ್ದು, ಮಾಂಸ ಇಲ್ಲ, ಎಸೆಯೋ ತಟ್ಟೆ ಒಂದೂ ಇಲ್ಲ. ಆ ಬೂದು ಪಾತ್ರೆ ಕೋಳಿಗಳಿಗೆ ಹಾಕಿ. ಬಹುಮಾನ ಡಂಬಲ್ ಕ್ರೀಕ್‌ಗೇ! ಮುಂದಿನ ವರ್ಷ ಜಿಲ್ಲೆಯ ಎಲ್ಲಾ ಊರುಗಳ ಊಟ ಇಲ್ಲೇ ನಡೀಬೇಕು."

ಲೆಸ್ಟರ್ ಎರಡೂ ಕೈ ಮೇಲೆತ್ತಿ ಕುಣಿದ. ಜೇಬಿನಿಂದ ಕೀಲಿಕೈ ಗೊಂಚಲು ತೆಗೆದು ಐವಿಯ ಬಳಿ ಓಡಿದ. "ಗೆದ್ವಿ! ತಗೊಳ್ಳಿ ಐವಿ, ಇನ್ಮೇಲೆ ನೀವೇ ಕಾರ್ಯದರ್ಶಿ!"

ಐವಿ ಕೀಲಿಕೈ ಮುಟ್ಟಲಿಲ್ಲ. ಸೊಂಟಕ್ಕೆ ಕಟ್ಟಿದ್ದ ಅಡುಗೆಯ ಏಪ್ರನ್ ಬಿಚ್ಚಿ, ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟಳು. "ಒಂದು ಗುಟ್ಟನ್ನ ಅರ್ಧ ಗಂಟೆ ಹೊಟ್ಟೇಲಿ ಇಟ್ಕೊಳ್ಳೋಕೆ ಆಗ್ಲಿಲ್ಲ ನಿನ್ನ ಕೈಲಿ. ಇನ್ನು ನಾನು ಈ ಊರಲ್ಲಿ ಯಾವ ಮುಖ ಇಟ್ಕೊಂಡು ಕೂತ್ಕೊಳ್ಳಲಿ? ಯಂತ್ರ ಇದ್ರೂ ಬೇಡ, ಇಲ್ದಿದ್ರೂ ಬೇಡ." ಹೇಳಿದವಳೇ ಹೊರಗೆ ನಡೆದಳು.

ಲೆಸ್ಟರ್ ಹಿಂದೆಯೇ ಓಡಿದ. ಅವನು ಗೇಟು ಮುಟ್ಟುವ ಹೊತ್ತಿಗೆ ಐವಿ ಕಾರಿನ ಕಿಟಕಿಗೆ ಒರಗಿ ಬಿಕ್ಕುತ್ತಿದ್ದಳು. ಗ್ಲೆನಿಸ್ ಅವಳ ಬೆನ್ನು ಸವರುತ್ತಿದ್ದಳು. ಸವರುತ್ತಲೇ ಗಂಡನನ್ನು ನೋಡಿ, "ಆಯ್ತಾ? ಬಿಟ್ಟು ಬಂದ್ಯಾ?" ಎಂದಳು.

ಲೆಸ್ಟರ್ ಕೈಯಲ್ಲಿದ್ದ ಕೀಲಿಕೈ ಗೊಂಚಲನ್ನು ಬೆನ್ನ ಹಿಂದೆ ಅಡಗಿಸಲು ನೋಡಿದ. ಅದು ಝಣ್ ಎಂದಿತು.

ಗ್ಲೆನಿಸ್ ಗಡಿಯಾರ ನೋಡಿಕೊಂಡಳು. ಆಮೇಲೆ ಐವಿಯ ಕಡೆ ತಿರುಗಿ, "ಐವಿ, ನೀವು ಸಮುದ್ರ ನೋಡಿದ್ದೀರಾ?" ಎಂದಳು.

"ಎಲ್ಲಿ ನೋಡ್ಲಮ್ಮ. ಅರ್ನಿಗೆ ಮರಳು ಕಂಡ್ರೆ ಆಗ್ತಿರ್ಲಿಲ್ಲ."

"ಹತ್ತಿ."

"ಮತ್ತೆ ನಾನು?" ಎಂದ ಲೆಸ್ಟರ್.

"ನೀನು ಕಾರ್ಯದರ್ಶಿ," ಎಂದಳು ಗ್ಲೆನಿಸ್.

ಐವಿ ಲೆಸ್ಟರ್‌ನ ಸೀಟಿನಲ್ಲಿ ಕೂತು ಮೂಗು ಒರೆಸಿಕೊಂಡಳು. ಕಾರು ಹೊರಟಿತು. ಸ್ವಲ್ಪ ದೂರ ಹೋಗಿ ನಿಂತಿತು. ಲೆಸ್ಟರ್‌ಗೆ ಜೀವ ಬಂದಂತಾಗಿ ಓಡಿದ. ಐವಿ ಕಿಟಕಿಯಿಂದ ತಲೆ ಹೊರಹಾಕಿ, "ಡ್ಯೂಕ್‌ಗೆ ದಿನಾ ಕೈಮಾ ಹಾಕೋದು ಮರೀಬೇಡ! ಬೇಳೆ ಮುಟ್ಟಲ್ಲ ಅದು!" ಎಂದಳು. ಧೂಳೆದ್ದಿತು. ಕ್ಯಾರವಾನ್ ಚಿಕ್ಕದಾಗುತ್ತ ಹೋಗಿ ಕಾಣದಾಯಿತು.

ಡ್ಯೂಕ್ ಮೂಳೆ ಸಮೇತ ಬಂದು ಲೆಸ್ಟರ್‌ನ ಕಾಲ ಮೇಲೆ ಕೂತಿತು. ಹಿಂದೆಯೇ ಡೊರೀನ್, ಕೈಯಲ್ಲಿ ಹಸಿರು ಮಸಿಯ ಪೆನ್ನು.

"ಮುಂದಿನ ವರ್ಷದ ಬೋರ್ಡು ಈಗ್ಲೇ ಬರೆದುಬಿಡು ಲೆಸ್ಟರ್. ಜಿಲ್ಲೆಗೆ ಜಿಲ್ಲೆನೇ ಬರತ್ತೆ. ಎಲ್ಲರೂ ಕೇಳ್ತಿರೋದು ಅದೇ ರೋಲು. ಹೇಗೆ ಮಾಡೋದು ಅಂತ ಐವಿ ಹೇಳಿರೋದು ನಿನಗೊಬ್ಬನಿಗೇ ಅಂತೆ?"